ಬಚ್ಚಲುಮನೆಯ ಅತಿಥಿ

ಮಳೆಗಾಲದ ಒಂದು ರಾತ್ರಿ. ಊಟವಾಗಿದೆ, ರೇಡಿಯೋದ ವಾರ್ತೆಯೂ ಮುಗಿದಿದೆ. ಕೈಕಾಲು ತೊಳೆಯಲೆಂದು ಬಚ್ಚಲುಮನೆಯ ದೀಪ ಹಾಕುತ್ತೀರಿ. ಗೋಡೆಯ ಮೇಲೆ, ಸುಣ್ಣದ ಬಣ್ಣದಲ್ಲಿ ಬಣ್ಣವಾಗಿ, ಕೈಕಾಲು ಮುದುರಿಕೊಂಡು ಏನೋ ಒಂದು ಕುಳಿತಿದೆ. ನೀವು ಚೊಂಬಿಗೆ ಕೈಹಾಕುವಷ್ಟರಲ್ಲಿ ಅದು ಈ ಗೋಡೆಯಿಂದ ಆ ಗೋಡೆಗೆ ಹಾರಿ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಗದ್ದಲವೇಳುತ್ತದೆ. ಒಬ್ಬರು ಪೊರಕೆ ತರುತ್ತಾರೆ. ಇನ್ನೊಬ್ಬರು ಒಂದು ಹಿಡಿ ಉಪ್ಪು ತರುತ್ತಾರೆ. ಮಕ್ಕಳು ಗಾಜಿನ ಬಾಟಲಿ ತಂದು, “ಸಾಕೋಣ” ಎನ್ನುತ್ತಾರೆ.

ಮೂವರನ್ನೂ ದಯವಿಟ್ಟು ಒಂದು ಗಳಿಗೆ ತಡೆಯಿರಿ.

ಬಂದಿರುವುದು ಮರಗಪ್ಪೆ. ನಮ್ಮ ಮನೆಗಳಿಗೆ ಸಾಮಾನ್ಯವಾಗಿ ಬರುವ ಜಾತಿಗೆ ಪ್ರಾಣಿಶಾಸ್ತ್ರದಲ್ಲಿ ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್ ಎಂದು ಹೆಸರು. 1830ರಲ್ಲಿ ಇದನ್ನು ಮೊದಲು ವರ್ಣಿಸಿದವರು ಜಾನ್ ಎಡ್ವರ್ಡ್ ಗ್ರೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಚುನಾಮ್ ಕಪ್ಪೆ’ ಎಂಬ ಹೆಸರೂ ಉಂಟು. ಚುನಾಮ್ ಎಂದರೆ ಸುಣ್ಣವೇ. ಬೆರಳ ತುದಿಯಲ್ಲಿರುವ ಅಗಲವಾದ ಬಿಲ್ಲೆಗಳಿಂದ ಅದು ನುಣುಪಾದ ಗಾಜನ್ನೂ ಹತ್ತಬಲ್ಲದು. ಅದರಲ್ಲಿ ವಿಷವಿಲ್ಲ, ಮುಟ್ಟಿದರೆ ನರೂಲಿ ಏಳುವುದೂ ಇಲ್ಲ. ರಾತ್ರಿಯಲ್ಲಿ ಪತಂಗ, ಜಿರಲೆಗಳನ್ನು ಹಿಡಿದು ತಿಂದು, ಹಗಲೆಲ್ಲ ತಣ್ಣನೆಯ ಮೂಲೆಯಲ್ಲಿ ನಿದ್ದೆ ಮಾಡುತ್ತದೆ.

ಕಪ್ಪೆಯ ವಿಷಯದಲ್ಲಿ ನೀವು ನೆನಪಿಡಬೇಕಾದ ಸಂಗತಿ ಒಂದೇ: ಅದು ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಕುಡಿಯುತ್ತದೆ. ಹೊಟ್ಟೆಯ ಮತ್ತು ತೊಡೆಯ ಕೆಳಭಾಗದ ತೆಳುಚರ್ಮವನ್ನು ಒದ್ದೆಯ ನೆಲಕ್ಕೆ ಒತ್ತಿ ಕುಳಿತರೆ ಅದೇ ಅದರ ನೀರಡಿಕೆಗೆ ಪರಿಹಾರ. ಉಸಿರಾಟದ ಒಂದು ಭಾಗವೂ ಆ ಚರ್ಮದ ಮೂಲಕವೇ ನಡೆಯುತ್ತದೆ. ಆದ್ದರಿಂದ ಮೈಗೆ ತಗುಲಿದ್ದು ಒಳಕ್ಕೆ ಇಳಿಯುತ್ತದೆ. ನಾವು ಓಡಿಸಲೆಂದು ಎರಚುವ ಉಪ್ಪು ಅದರ ಮೈಯ ನೀರನ್ನು ಹೀರಿ ಸುಡುತ್ತದೆ. ಫಿನೈಲು, ಸೋಪಿನ ನೀರು, ಜಿರಲೆ ಔಷಧಿ ಇವೆಲ್ಲವೂ ಅದಕ್ಕೆ ವಿಷವೇ.

ಹೊರಗೆ ಕಳಿಸಲೇಬೇಕೆ? ಎಣ್ಣೆ ಸೋಪು ಇಲ್ಲದ ಕೈಯನ್ನು ಚೆನ್ನಾಗಿ ಒದ್ದೆ ಮಾಡಿಕೊಂಡು, ಮೆಲ್ಲನೆ ಬೊಗಸೆಯಲ್ಲಿ ಹಿಡಿದು, ತೋಟದ ಬಾಳೆಗಿಡದ ಬುಡದಲ್ಲಿ ಬಿಡಿರಿ. ಗಾಬರಿಯಿಂದ ಅದು ನಿಮ್ಮ ಕೈಮೇಲೆ ನೀರು ಬಿಟ್ಟರೆ ಕೋಪ ಬೇಡ. ಅದು ಬೇಸಗೆಯ ಬಾಯಾರಿಕೆಗೆಂದು ಮೂತ್ರಕೋಶದಲ್ಲಿ ಕೂಡಿಟ್ಟುಕೊಂಡಿದ್ದ ನೀರು. ಹೆದರಿಸಿದಷ್ಟೂ ಅದರ ಗಂಟು ಕರಗುತ್ತದೆ. ಬಳಿಕ ನಿಮ್ಮ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿರಿ.

ಮಕ್ಕಳ ಹಟಕ್ಕೂ ದಾರಿ ಇದೆ. ಮುಚ್ಚಳ ಬಿಗಿದ ಬಾಟಲಿ ಮಾತ್ರ ಬೇಡ. ಬಿಸಿಲು ತಗುಲಿದರೆ ಅದು ಕುಲುಮೆಯಾಗುತ್ತದೆ. ಒಂದೆರಡು ದಿನದ ಮಟ್ಟಿಗೆ, ಅಗಲಕ್ಕಿಂತ ಎತ್ತರ ಹೆಚ್ಚಿರುವ ಗಾಜಿನ ಪೆಟ್ಟಿಗೆಗೆ ಸೊಳ್ಳೆ ಜಾಲರಿಯ ಮುಚ್ಚಳ ಹಾಕಿ, ನೆರಳಿನಲ್ಲಿಡಿ. ಒಳಗೆ ಹತ್ತಲು ಒಂದು ಕೊಂಬೆ, ಅಡಗಲು ಎಲೆ, ಕೂರಲು ಅಗಲವಾದ ತಟ್ಟೆಯಲ್ಲಿ ಒಂದು ಬೆರಳಗಲ ನೀರು ಇರಲಿ. ಬಾವಿಯ ನೀರು, ಮಳೆಯ ನೀರು ಒಳ್ಳೆಯದು. ಕೊಳಾಯಿ ನೀರಾದರೆ ಕ್ಲೋರಿನ್ ಹಾರಿಹೋಗಲೆಂದು ತೆರೆದ ಪಾತ್ರೆಯಲ್ಲಿ ಒಂದು ದಿನವಿಟ್ಟು, ಅನಂತರ ಹಾಕಿರಿ, ನಿತ್ಯವೂ ಬದಲಿಸಿರಿ. ಅನ್ನ, ರೊಟ್ಟಿ ಹಾಕಿ ಪ್ರಯೋಜನವಿಲ್ಲ. ಅಲುಗಾಡುವ ಹುಳುವನ್ನೇ ಅದು ಹಿಡಿಯುವುದು. ಔಷಧಿ ಹೊಡೆದ ಮನೆಯ ಜಿರಲೆಯನ್ನು ಮಾತ್ರ ಕೊಡಬೇಡಿ. ಅದು ನುಂಗುವಾಗ ಕಣ್ಣು ಮುಚ್ಚುವುದನ್ನು ಮಕ್ಕಳಿಗೆ ತೋರಿಸಿರಿ: ಒಳಕ್ಕಿಳಿದ ಕಣ್ಣುಗುಡ್ಡೆಗಳೇ ತುತ್ತನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ! ಇಷ್ಟು ನೋಡಿಯಾದ ಮೇಲೆ, ಕತ್ತಲಾಗುತ್ತಲೇ, ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.

ಅಂಗಡಿಯಿಂದ ಪರದೇಶದ ಮರಗಪ್ಪೆಯನ್ನು ತಂದು ಸಾಕುವವರೂ ಈಗ ಇದ್ದಾರೆ. ಅಂಥವರಿಗೆ ಒಂದು ಮಾತು. ಸಾಕಲು ಬೇಸರವಾಯಿತೆಂದು ಅದನ್ನು ಕೆರೆಗೋ ತೋಟಕ್ಕೋ ಬಿಡಬೇಡಿ. ಕಪ್ಪೆಗಳ ಚರ್ಮಕ್ಕೆ ಹತ್ತಿ, ಮೈಯ ಲವಣಗಳ ಹದ ಕೆಡಿಸಿ, ಕೊನೆಗೆ ಹೃದಯವನ್ನೇ ನಿಲ್ಲಿಸುವ ಶಿಲೀಂಧ್ರವೊಂದಕ್ಕೆ ವಿಜ್ಞಾನಿಗಳು 1999ರಲ್ಲಿ ಹೆಸರಿಟ್ಟರು. ಕಪ್ಪೆಗಳ ವ್ಯಾಪಾರದೊಡನೆ ಅದು ದೇಶದಿಂದ ದೇಶಕ್ಕೆ ಹರಡಿತು. 2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ಜಗತ್ತಿನಲ್ಲಿ 501 ಜಾತಿಯ ಉಭಯವಾಸಿಗಳು ಅದರಿಂದ ಕುಗ್ಗಿವೆ. ಅವುಗಳಲ್ಲಿ 90 ಅಳಿದುಹೋಗಿರಬಹುದು. ಇಲ್ಲಿಯೂ ಕೆಟ್ಟದ್ದು ಹೊಕ್ಕ ಬಾಗಿಲು ಚರ್ಮವೇ.

ನಿಜವಾಗಿ ಸಾಕಬೇಕೆಂದಿದ್ದರೆ ಇದಕ್ಕಿಂತ ಸುಲಭದ ಉಪಾಯ ಒಂದಿದೆ. ಹಿತ್ತಲಲ್ಲಿ ಒಂದೆರಡು ಗಿಡ ಇರಲಿ. ಗಿಡದ ಕೊಂಬೆ ಬಾಗಿ ನಿಲ್ಲುವಂತೆ ಒಂದು ತೊಟ್ಟಿ ನೀರು ಇರಲಿ. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ, ತೊಟ್ಟಿಯ ಮೇಲಿನ ಎಲೆಗೋ ಅಂಚಿಗೋ ಸೋಪಿನ ನೊರೆಯಂಥದು ಮೆತ್ತಿಕೊಂಡಿರುವುದನ್ನು ಕಂಡೀರಿ. ತೊಳೆದುಹಾಕಬೇಡಿ. ಅದು ಮರಗಪ್ಪೆ ಹಿಂಗಾಲಿನಿಂದ ಕಡೆದು ಕಟ್ಟಿದ ಗೂಡು. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ಅದರಿಂದ ಒಂದೊಂದಾಗಿ ನೀರಿಗೆ ಜಾರುತ್ತವೆ; ಸೊಳ್ಳೆ ಮರಿಗಳ ಕಾಟ ಬೇಡವೆಂದು ತೊಟ್ಟಿಗೆ ಔಷಧಿ ಹಾಕಿದ್ದರೆ ಅವು ಉಳಿಯಲಾರವು.

ಆಮೇಲೆ ಬಚ್ಚಲಿನ ಗೋಡೆಯ ಮೇಲೆ ಅತಿಥಿ ಮತ್ತೆ ಕಾಣಿಸಿಕೊಂಡಾಗ, ಉಪ್ಪಿನ ಡಬ್ಬಿ ಅಡಿಗೆಮನೆಯಲ್ಲೇ ಇರಲಿ. ದೀಪ ಆರಿಸಿ ಬಂದುಬಿಡಿ. ಜಿರಲೆಯ ಲೆಕ್ಕವನ್ನು ಅದು ನೋಡಿಕೊಳ್ಳುತ್ತದೆ.