ಮಾರ್ಮನ್ ಯುವ ಮಿಷನರಿಗಳ ವಿದೇಶ ಸೇವೆ

ಮಾರ್ಮನ್ ಮಿಷನರಿ ಸೇವೆ ಎಂಬುದು ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಚರ್ಚ್‌ಗೆ ಸೇರಿದ ಯುವಜನರು ಮನೆ, ಓದು, ಉದ್ಯೋಗಗಳನ್ನು ಬದಿಗಿರಿಸಿ ಧರ್ಮಪ್ರಚಾರಕ್ಕಾಗಿಯೇ ಮೀಸಲಿಡುವ ಕಾಲಾವಧಿ. ಯುವಕರಿಗೆ ಇದು ಎರಡು ವರ್ಷ, ಯುವತಿಯರಿಗೆ ಹದಿನೆಂಟು ತಿಂಗಳು. ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಪಂಥದ ಕೇಂದ್ರ ಕಚೇರಿ ಈಗ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದೆ. ಬೈಬಲ್ಲಿನ ಜೊತೆಗೆ 'ಮಾರ್ಮನ್ ಗ್ರಂಥ'ವನ್ನೂ ಪವಿತ್ರವೆಂದು ನಂಬುವುದರಿಂದ ಇವರಿಗೆ ಮಾರ್ಮನ್ನರು ಎಂಬ ಹೆಸರು ಬಂದಿತು. ಈ ಹೆಸರನ್ನು ಬಿಟ್ಟು ತನ್ನ ಪೂರ್ಣ ಹೆಸರನ್ನೇ ಬಳಸಬೇಕೆಂದು ಚರ್ಚ್ 2018ರಿಂದ ಕೋರುತ್ತಿದೆ. 2024ರ ಕೊನೆಯಲ್ಲಿ 70,000ಕ್ಕೂ ಹೆಚ್ಚು ಮಿಷನರಿಗಳು ಜಗತ್ತಿನ ನಾನಾ ಭಾಗಗಳಲ್ಲಿ ಸೇವೆಯಲ್ಲಿದ್ದರು.

ಕರೆ

ಮಿಷನರಿಗೆ ತನ್ನ ಸ್ಥಳವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅರ್ಜಿ ಸಲ್ಲಿಸಿ, ಸ್ಥಳೀಯ ಧರ್ಮಾಧಿಕಾರಿಗಳ ಸಂದರ್ಶನ ಮತ್ತು ವೈದ್ಯಕೀಯ ತಪಾಸಣೆಗಳನ್ನು ಮುಗಿಸಿದ ಬಳಿಕ ಆತ ಕಾಯಬೇಕು. ಯಾವ ದೇಶ, ಯಾವ ಭಾಷೆ ಎಂಬುದನ್ನು ಸಾಲ್ಟ್ ಲೇಕ್ ಸಿಟಿಯ ಹಿರಿಯ ಧರ್ಮನಾಯಕರು ನಿರ್ಧರಿಸುತ್ತಾರೆ. ಈ ನಿರ್ಧಾರ ದೈವಪ್ರೇರಣೆಯಿಂದ ಆಗುತ್ತದೆ ಎಂಬುದು ಅನುಯಾಯಿಗಳ ನಂಬಿಕೆ. ಬಹುಕಾಲ ಇದು ದೊಡ್ಡ ಬಿಳಿ ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತಿತ್ತು. ಬಂಧುಬಳಗವನ್ನೆಲ್ಲ ಸೇರಿಸಿ ಲಕೋಟೆ ಒಡೆಯುವುದು ಮನೆಯ ಒಂದು ಸಮಾರಂಭವೇ ಆಗಿತ್ತು. 2018ರಿಂದ ಕರೆಯು ಅಂತರ್ಜಾಲದ ಮೂಲಕ ಬರುತ್ತಿದೆ. 2012ರ ಅಕ್ಟೋಬರ್‌ನಲ್ಲಿ ಆಗಿನ ಅಧ್ಯಕ್ಷ ಥಾಮಸ್ ಎಸ್. ಮಾನ್ಸನ್ ಅವರು ಕನಿಷ್ಠ ವಯಸ್ಸನ್ನು ಯುವಕರಿಗೆ 19ರಿಂದ 18ಕ್ಕೆ, ಯುವತಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಇದರಿಂದ ಮಿಷನರಿಗಳ ಸಂಖ್ಯೆ, ವಿಶೇಷವಾಗಿ ಯುವತಿಯರ ಸಂಖ್ಯೆ, ತೀವ್ರವಾಗಿ ಏರಿತು.

ಯುವಕರ ಪಾಲಿಗೆ ಈ ಸೇವೆ ಧಾರ್ಮಿಕ ಕರ್ತವ್ಯ, ಯುವತಿಯರಿಗೆ ಐಚ್ಛಿಕ. ಸೇವೆಗೆ ಸಂಬಳವಿಲ್ಲ. ಖರ್ಚನ್ನು ಮಿಷನರಿ ಅಥವಾ ಆತನ ಕುಟುಂಬವೇ ಭರಿಸಬೇಕು. ಅಮೆರಿಕದ ಕುಟುಂಬಗಳಿಗೆ ಈ ಮೊತ್ತವನ್ನು 2020ರ ಜುಲೈನಲ್ಲಿ ತಿಂಗಳಿಗೆ 400 ಡಾಲರ್‌ಗಳಿಂದ 500 ಡಾಲರ್‌ಗಳಿಗೆ ಏರಿಸಲಾಯಿತು. ಅಗ್ಗದ ದೇಶಕ್ಕೆ ಹೋದವರೂ ದುಬಾರಿ ದೇಶಕ್ಕೆ ಹೋದವರೂ ಒಂದೇ ಮೊತ್ತ ಕಟ್ಟುವುದರಿಂದ, ಮಗನಿಗೆ ಯಾವ ದೇಶ ಬರುವುದೋ ಎಂದು ತಂದೆತಾಯಿಗಳು ಹಣದ ಲೆಕ್ಕದಲ್ಲಿ ಆತಂಕಪಡಬೇಕಾಗಿಲ್ಲ.

ಹಿಂದಿನ ಎರಡು ಉದಾಹರಣೆಗಳು

ಆರಂಭದ ದಶಕಗಳಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೊರಟ ವಯಸ್ಕರೇ ಹೆಚ್ಚಾಗಿ ಮಿಷನರಿಗಳಾಗಿದ್ದರು. 1837ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರಕ್ಕೆ ಹೋದ ಹೀಬರ್ ಸಿ. ಕಿಂಬಲ್ ಮತ್ತು ಸಂಗಡಿಗರು ಅಂಥವರು. ಎಳೆಯ ವಯಸ್ಸಿನವರನ್ನು ಕಳುಹಿಸಿದ ಪ್ರಸಿದ್ಧ ನಿದರ್ಶನ ಜೋಸೆಫ್ ಎಫ್. ಸ್ಮಿತ್ ಅವರದು. ಪಂಥದ ಸ್ಥಾಪಕನ ತಮ್ಮನ ಮಗನೆಂದು ಕೆಲವರು ತಪ್ಪಾಗಿ ಬರೆಯುವುದುಂಟು. ಅವರು ಸ್ಥಾಪಕನ ಅಣ್ಣ ಹೈರಮ್ ಅವರ ಮಗ. ತಂದೆ 1844ರಲ್ಲಿ ಕಾರ್ತೇಜ್ ಸೆರೆಮನೆಯಲ್ಲಿ ಗುಂಪಿನ ದಾಳಿಗೆ ಬಲಿಯಾದರು, ತಾಯಿ 1852ರಲ್ಲಿ ತೀರಿಕೊಂಡರು. 1854ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಈ ಅನಾಥ ಬಾಲಕನನ್ನು ಆಗ ಸ್ವತಂತ್ರ ರಾಜ್ಯವಾಗಿದ್ದ ಹವಾಯಿಗೆ ಕಳುಹಿಸಲಾಯಿತು. ಅಲ್ಲಿ ಕಾಯಿಲೆ ಬಿದ್ದ ಹುಡುಗನನ್ನು ಸ್ಥಳೀಯ ಮಹಿಳೆಯೊಬ್ಬರು ತಾಯಿಯಂತೆ ಉಪಚರಿಸಿದರು. ಕೆಲವೇ ತಿಂಗಳಲ್ಲಿ ಆತ ಹವಾಯಿ ಭಾಷೆಯಲ್ಲಿ ಉಪದೇಶ ಮಾಡತೊಡಗಿದ. ದಶಕಗಳ ನಂತರ ಚರ್ಚ್‌ನ ಅಧ್ಯಕ್ಷರಾಗಿ ಅವರು ಹೊನೊಲುಲು ಬಂದರಿಗೆ ಬಂದಾಗ, ದೃಷ್ಟಿ ಕಳೆದುಕೊಂಡಿದ್ದ ಅದೇ ಮುದುಕಿ ಕೈಯಲ್ಲಿ ಬಾಳೆಹಣ್ಣು ಹಿಡಿದು, ಹವಾಯಿ ಉಚ್ಚಾರದಲ್ಲಿ 'ಇಯೊಸೆಪ' ಎಂದು ಕೂಗುತ್ತ ಎದುರುಗೊಂಡ ಪ್ರಸಂಗವನ್ನು ಜೊತೆಗಿದ್ದವರು ದಾಖಲಿಸಿದ್ದಾರೆ.

ಎರಡನೆಯದು ಜಪಾನಿನದು. 1901ರ ಆಗಸ್ಟ್ 12ರಂದು ಹೀಬರ್ ಜೆ. ಗ್ರಾಂಟ್ ಅವರ ನೇತೃತ್ವದಲ್ಲಿ ಯೊಕೊಹಾಮಾದಲ್ಲಿ ಇಳಿದ ನಾಲ್ವರಲ್ಲಿ ಆಲ್ಮಾ ಓ. ಟೇಲರ್ ಅತ್ಯಂತ ಕಿರಿಯ; ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ನಾಲ್ವರಲ್ಲಿ ಯಾರಿಗೂ ಜಪಾನಿ ಭಾಷೆ ಬರುತ್ತಿರಲಿಲ್ಲ. ಟೇಲರ್ ಅಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಉಳಿದು ಭಾಷೆಯನ್ನು ವಶಪಡಿಸಿಕೊಂಡರು, ಮಾರ್ಮನ್ ಗ್ರಂಥದ ಅನುವಾದಕ್ಕೆ ಕೈಹಾಕಿದರು. ವಿದೇಶಿಯ ಕೈಬರಹವನ್ನು ಜಪಾನಿ ಓದುಗರು ಒಪ್ಪಲಾರರು ಎಂಬುದನ್ನು ಅರಿತು, ಸಾಹಿತ್ಯ ವಿಮರ್ಶಕ ಇಕುತಾ ಚೋಕೋ ಅವರಿಂದ ಅದನ್ನು ಪರಿಷ್ಕರಿಸಿಕೊಂಡರು. ಗ್ರಂಥ 1909ರಲ್ಲಿ ಪ್ರಕಟವಾಯಿತು. ಮತಾಂತರದ ಲೆಕ್ಕದಲ್ಲಿ ನೋಡಿದರೆ ಫಲ ಅತ್ಯಲ್ಪ: 1924ರಲ್ಲಿ ಆ ಮಿಷನ್ ಮುಚ್ಚುವವರೆಗೆ ದೀಕ್ಷಾಸ್ನಾನ ಪಡೆದವರು ಇನ್ನೂರನ್ನು ಮುಟ್ಟಲಿಲ್ಲ. 1948ರಲ್ಲಿ ಅದು ಪುನಃ ಆರಂಭವಾಯಿತು.

ದಿನಚರಿ

ಸೇವೆಯ ಮೊದಲ ಹಂತ ತರಬೇತಿ. ಯೂಟಾದ ಪ್ರೊವೊ ನಗರದಲ್ಲಿರುವ ಕೇಂದ್ರವೇ ಅತ್ಯಂತ ದೊಡ್ಡದು. ಅಲ್ಲಿ ಹಲವು ಹತ್ತು ಭಾಷೆಗಳನ್ನು ಕಲಿಸುತ್ತಾರೆ. ಮಾತೃಭಾಷೆಯಲ್ಲೇ ಕೆಲಸ ಮಾಡುವವರಿಗೆ ಕೆಲವೇ ವಾರಗಳು ಸಾಕು, ಹೊಸ ಭಾಷೆ ಕಲಿಯಬೇಕಾದವರಿಗೆ ಒಂದೂವರೆ ಎರಡು ತಿಂಗಳು ಬೇಕು. ಅಷ್ಟರಲ್ಲಿ ಒಂದು ಭಾಷೆ ಬಂದುಬಿಡುವುದಿಲ್ಲ ಎಂಬುದು ಪಾಠ ಹೇಳಿದವರಿಗೆಲ್ಲ ತಿಳಿದದ್ದೇ. ಉಳಿದದ್ದನ್ನು ಬೀದಿ ಕಲಿಸುತ್ತದೆ.

ಬೆಳಿಗ್ಗೆ ಆರೂವರೆಗೆ ಏಳುವುದು, ವ್ಯಾಯಾಮ, ಧರ್ಮಗ್ರಂಥಗಳ ಅಧ್ಯಯನ, ಭಾಷಾಭ್ಯಾಸ, ಬಳಿಕ ಹೊರಗಿನ ಕೆಲಸ, ರಾತ್ರಿ ಹತ್ತೂವರೆಯೊಳಗೆ ನಿದ್ರೆ: ಇದು ಬಹುಕಾಲದ ಕ್ರಮ. 2017ರಿಂದ ಆಯಾ ದೇಶದ ರೂಢಿಗೆ ಹೊಂದಿಸಿಕೊಳ್ಳಲು ಕೊಂಚ ಸಡಿಲಿಕೆ ದೊರೆತಿದೆ. ಚಹಾ, ಕಾಫಿ, ಮದ್ಯ, ತಂಬಾಕು ಪಂಥದ ಎಲ್ಲರಿಗೂ ನಿಷಿದ್ಧ. ಮಿಷನರಿಗೆ ಇದರ ಜೊತೆಗೆ ಸಿನಿಮಾ ಮತ್ತು ಪ್ರೇಮ ವ್ಯವಹಾರಗಳೂ ಇಲ್ಲ. ಮೊದಲ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎದೆಯ ಮೇಲಿನ ಕಪ್ಪು ಹೆಸರುಪಟ್ಟಿಯಲ್ಲಿ ಕುಲನಾಮದ ಹಿಂದೆ ಯುವಕರಿಗೆ 'ಎಲ್ಡರ್', ಯುವತಿಯರಿಗೆ 'ಸಿಸ್ಟರ್' ಎಂದಿರುತ್ತದೆ. ಎಲ್ಡರ್ ಎಂದರೆ ಹಿರಿಯ. ಮೀಸೆ ಚಿಗುರುವ ವಯಸ್ಸಿನವನಿಗೆ ಈ ಬಿರುದು ಹೊರಗಿನವರಿಗೆ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಬದುಕಿನ ಕಠಿಣ ನಿಯಮ ಜೋಡಿಯದು. ಮಿಷನರಿ ಎಂದೂ ಒಬ್ಬಂಟಿಯಾಗಿ ಇರುವಂತಿಲ್ಲ. ಸ್ನಾನದ ಮನೆಯೊಂದನ್ನು ಬಿಟ್ಟರೆ, ನೇಮಿಸಲ್ಪಟ್ಟ ಜೊತೆಗಾರ ಸದಾ ಕಣ್ಣಳತೆಯಲ್ಲಿರಬೇಕು. ಜೊತೆಗಾರನನ್ನು ಆರಿಸುವವರು ಆ ಪ್ರದೇಶದ ಮಿಷನ್ ಅಧ್ಯಕ್ಷರು. ಸುಮಾರು ಆರು ವಾರಗಳಿಗೊಮ್ಮೆ ವರ್ಗಾವಣೆಗಳಾಗಿ ಜೋಡಿಗಳು ಬದಲಾಗಬಹುದು. ಸುರಕ್ಷತೆಗೂ ಶಿಸ್ತಿಗೂ ಈ ನಿಯಮ ಬೇಕೆಂಬುದು ಚರ್ಚ್‌ನ ನಿಲುವು. ಆದರೆ ಸ್ವಭಾವ ಹೊಂದದ ಇಬ್ಬರು ಒಂದೇ ಕೋಣೆಯಲ್ಲಿ, ಒಂದೇ ಬೀದಿಯಲ್ಲಿ ಇಡೀ ದಿನ ಜೊತೆಯಾಗಿರುವುದು ಬಾಗಿಲು ಬಾಗಿಲಿನಲ್ಲಿ ತಿರಸ್ಕಾರ ಸಹಿಸುವುದಕ್ಕಿಂತ ಕಷ್ಟವಾಗಬಲ್ಲದು.

ವಾರದಲ್ಲಿ ಒಂದು ದಿನ, ಸಾಮಾನ್ಯವಾಗಿ ಸೋಮವಾರ, ಬಟ್ಟೆ ಒಗೆಯಲು, ದಿನಸಿ ತರಲು, ಮನೆಗೆ ಬರೆಯಲು ಬಿಡುವು. ಮೊದಲು ಮನೆಗೆ ದೂರವಾಣಿ ಮಾಡಲು ವರ್ಷಕ್ಕೆ ಎರಡೇ ಅವಕಾಶಗಳಿದ್ದವು: ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತನಾಡಬಹುದಾಗಿದೆ. ಹಿಂದಿನ ತಲೆಮಾರಿನ ಮಿಷನರಿ ಊರಿನ ಸಾವು, ಮದುವೆ, ಕಾದಿದ್ದ ಗೆಳತಿಯ ಮನಸ್ಸು ಬದಲಾದ ಸುದ್ದಿ, ಎಲ್ಲವನ್ನೂ ಕಾಗದದಲ್ಲಿಯೇ ಓದಿಕೊಳ್ಳಬೇಕಾಗಿತ್ತು.

ಅಪಾಯಗಳು ಮತ್ತು ಅಡ್ಡಿಗಳು

ವಿದೇಶ ಸೇವೆ ಅಪಾಯರಹಿತವಲ್ಲ. ಮುಂದೆ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಮಿಟ್ ರಾಮ್ನಿ ಫ್ರಾನ್ಸಿನಲ್ಲಿ ಮಿಷನರಿಯಾಗಿದ್ದಾಗ, 1968ರ ಜೂನ್‌ನಲ್ಲಿ ಅವರು ಚಲಾಯಿಸುತ್ತಿದ್ದ ಕಾರಿಗೆ ಎದುರಿನ ವಾಹನ ಅಪ್ಪಳಿಸಿ, ಮಿಷನ್ ಅಧ್ಯಕ್ಷರ ಪತ್ನಿ ಮೃತಪಟ್ಟರು. ರಾಮ್ನಿ ಅವರೂ ಸತ್ತಿದ್ದಾರೆಂದೇ ಪೊಲೀಸರು ಮೊದಲು ಭಾವಿಸಿದ್ದರು. 1989ರಲ್ಲಿ ಬೊಲಿವಿಯಾದ ಲಾ ಪಾಸ್‌ನಲ್ಲಿ ಇಬ್ಬರು ಯುವ ಮಿಷನರಿಗಳನ್ನು ಉಗ್ರರು ಗುಂಡಿಕ್ಕಿ ಕೊಂದರು. ಕಾನೂನಿನ ಅಡ್ಡಿಗಳೂ ಇವೆ. ರಷ್ಯಾ 2016ರಲ್ಲಿ ಮತಪ್ರಚಾರವನ್ನು ನಿರ್ಬಂಧಿಸಿದಾಗ ಅಲ್ಲಿನವರನ್ನು ಮಿಷನರಿ ಎನ್ನದೆ 'ಸ್ವಯಂಸೇವಕರು' ಎಂದು ಕರೆಯಬೇಕಾಯಿತು.

ಇವುಗಳಿಗಿಂತ ಹೆಚ್ಚು ಮಂದಿಯನ್ನು ಬಾಧಿಸುವುದು ಒಳಗಿನ ಸಂಕಟ. ಮನೆಯ ನೆನಪು, ಖಿನ್ನತೆ, ಕಾಯಿಲೆ ಅಥವಾ ನಂಬಿಕೆಯ ಸಂದೇಹದಿಂದ ಕೆಲವರು ಅವಧಿಗೆ ಮುನ್ನವೇ ಹಿಂದಿರುಗುತ್ತಾರೆ. ಇಡೀ ಊರೇ ಬೀಳ್ಕೊಟ್ಟ ಹುಡುಗ ಆರು ತಿಂಗಳಲ್ಲಿ ಮರಳಿದರೆ ಯಾರೂ ಏನೂ ಕೇಳದಿದ್ದರೂ ಅವಮಾನ ತಪ್ಪುವುದಿಲ್ಲ. ಇಂಥವರಿಗಾಗಿ ಚರ್ಚ್ ಇತ್ತೀಚಿನ ವರ್ಷಗಳಲ್ಲಿ ಮನೆಯಲ್ಲಿದ್ದುಕೊಂಡೇ ಮಾಡಬಹುದಾದ ಸೇವೆಯನ್ನು ವಿಸ್ತರಿಸಿದೆ.

ಅವಧಿ ಪೂರೈಸಿದವರು ಒಯ್ಯುವ ಗಳಿಕೆಯಲ್ಲಿ ಭಾಷೆ ಮುಖ್ಯ. ತೈವಾನಿನಲ್ಲಿ ಮಿಷನರಿಯಾಗಿ ಚೀನೀ ಭಾಷೆ ಕಲಿತ ಜಾನ್ ಹಂಟ್ಸ್‌ಮನ್ ಮುಂದೆ ಚೀನಾದಲ್ಲಿ ಅಮೆರಿಕದ ರಾಯಭಾರಿಯಾದರು. ಅದಕ್ಕೂ ಮಿಗಿಲಾಗಿ, ಎರಡು ವರ್ಷ ಅಪರಿಚಿತರ ಎದುರು ತನ್ನ ನಂಬಿಕೆಯನ್ನು ವಿವರಿಸಿದ ಯುವಕ ಆ ನಂಬಿಕೆಗೆ ಬಿಗಿಯಾಗಿ ಕಟ್ಟುಬೀಳುತ್ತಾನೆ. ಮಿಷನ್ ವ್ಯವಸ್ಥೆಯಿಂದ ಚರ್ಚ್‌ಗೆ ಆಗುವ ದೊಡ್ಡ ಲಾಭ ಹೊಸ ಮತಾಂತರಿತರಿಗಿಂತ ಈ ಯುವಜನರೇ ಎನ್ನಬಹುದು.

ಭಾರತ ಮತ್ತು ಬೆಂಗಳೂರು

ಮಾರ್ಮನ್ ಮಿಷನರಿಗಳು 1850ರ ದಶಕದಲ್ಲೇ ಕಲ್ಕತ್ತೆಗೆ ಬಂದಿದ್ದರಾದರೂ ಆ ಪ್ರಯತ್ನ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಭಾರತದ ಮೊದಲ ಆಧುನಿಕ ಮಿಷನ್ 1993ರ ಜನವರಿಯಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿ ಆರಂಭವಾಯಿತು. 2007ರಲ್ಲಿ ನವದೆಹಲಿ ಮಿಷನ್ ಪ್ರತ್ಯೇಕವಾಯಿತು. ಇಲ್ಲಿ ವಿದೇಶಿಯರೊಂದಿಗೆ ಭಾರತೀಯ ಯುವಕ ಯುವತಿಯರೂ ಸೇವೆ ಸಲ್ಲಿಸುತ್ತಾರೆ. ತಮ್ಮ ರಾಜ್ಯದಿಂದ ಬೇರೊಂದು ರಾಜ್ಯಕ್ಕೆ ಹೋಗುವ ಇವರಿಗೂ ಊಟ, ಭಾಷೆ, ಹವೆ ಎಲ್ಲವೂ ಹೊಸದೇ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವ ನಿರ್ಧಾರವನ್ನು ಅಧ್ಯಕ್ಷ ರಸೆಲ್ ಎಂ. ನೆಲ್ಸನ್ 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. 2020ರ ಡಿಸೆಂಬರ್‌ನಲ್ಲಿ ಅದರ ಭೂಮಿಪೂಜೆಗೆ ಸಮಾನವಾದ ವಿಧಿ ನೆರವೇರಿತು.