ಹಳೆಯ ಕಾರು ಎಷ್ಟು ಭಾರ ಎಳೆಯಬಲ್ಲದು?

ಕಳೆದ ಮಳೆಗಾಲದಲ್ಲಿ ನಾವು ಮೂಡುಬಿದಿರೆಯಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಬರುತ್ತಿದ್ದೆವು. ಒಂದು ಏರಿನ ಬುಡದಲ್ಲಿ ಕೆಟ್ಟು ನಿಂತಿದ್ದ ಓಮ್ನಿಯವರು ಕೈ ತೋರಿಸಿದರು. "ಹಗ್ಗ ಉಂಟು ಕಾಕಾ, ಮೇಲೆ ಗ್ಯಾರೇಜಿನವರೆಗೆ ಎಳೆದು ಕೊಡಿ" ಎಂದರು. ನಮ್ಮ ಮಾಮನದ್ದು ಹಳೆಯ ಮಾರುತಿ 800. ಮಾಮ ಕಾರು ನಿಲ್ಲಿಸಿದರು, ಆದರೆ ಹಗ್ಗ ಕಟ್ಟಲು ಒಪ್ಪಲಿಲ್ಲ. ಗ್ಯಾರೇಜಿಗೆ ಫೋನ್ ಮಾಡಿಸಿ, ಪಿಕಪ್ ಬರುವವರೆಗೆ ಅವರ ಜೊತೆ ನಿಂತರು. ಇಷ್ಟು ಸಣ್ಣ ಸಹಾಯ ಮಾಡಬಾರದೇ ಎಂದು ನನಗೆ ಬೇಸರವಾಗಿತ್ತು. ಮನೆಗೆ ಬಂದು ಭೌತಶಾಸ್ತ್ರದ ಲೆಕ್ಕ ಹಾಕಿದಾಗ ಮಾಮ ಮಾಡಿದ್ದೇ ಸರಿ ಎಂದು ತಿಳಿಯಿತು.

ಮಾರುತಿ 800ರ ತೂಕ ಸುಮಾರು 650 ಕಿಲೋ. ಇಬ್ಬರು ಕುಳಿತರೆ 800 ಕಿಲೋ ಎಂದಿಟ್ಟುಕೊಳ್ಳೋಣ. ಹಿಂದಿನ ಓಮ್ನಿ, ಅದರ ಚಾಲಕ ಸೇರಿ 850 ಕಿಲೋ. ಒಟ್ಟು 1,650 ಕಿಲೋ. ಸಮತಟ್ಟು ರಸ್ತೆಯಲ್ಲಿ ಚಕ್ರಗಳು ಉರುಳಲು ಬೇಕಾದ ಬಲ ಸುಮಾರು 240 ನ್ಯೂಟನ್ ಮಾತ್ರ. ಆದ್ದರಿಂದ ಅಲ್ಲಿ ಎಳೆಯುವುದು ಸುಲಭ.

ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗುರುತ್ವದ ವಿರುದ್ಧ ಇನ್ನೂ ಸುಮಾರು 1,620 ನ್ಯೂಟನ್ ಬೇಕು. ಒಟ್ಟು 1,860. ಮೊದಲ ಗೇರಿನಲ್ಲಿ ಎಂಜಿನ್ ಇಷ್ಟು ಬಲ ಕೊಡಬಹುದು, ಆದರೆ ಟಯರು ರಸ್ತೆಯನ್ನು ಹಿಡಿಯಬೇಕಲ್ಲ? ಈ ಕಾರನ್ನು ಓಡಿಸುವುದು ಮುಂದಿನ ಎರಡು ಚಕ್ರಗಳು. ಅವುಗಳ ಮೇಲಿನ ಭಾರ ಸುಮಾರು 440 ಕಿಲೋ. ಒದ್ದೆ ರಸ್ತೆಯಲ್ಲಿ ಘರ್ಷಣಾ ಗುಣಾಂಕ 0.4 ಎಂದುಕೊಂಡರೆ ಸಿಗುವ ಹಿಡಿತ 1,725 ನ್ಯೂಟನ್. ಬೇಕಾದುದಕ್ಕಿಂತ ಕಡಿಮೆ! ಚಕ್ರ ನಿಂತಲ್ಲೇ ತಿರುಗುತ್ತದೆ, ಕ್ಲಚ್ ಸುಡುತ್ತದೆ, ಎರಡೂ ಗಾಡಿ ಹಿಂದಕ್ಕೆ ಜಾರಬಹುದು.

ಇಳಿಜಾರಿನಲ್ಲಿ ಅಪಾಯ ಇನ್ನೂ ಹೆಚ್ಚು. ಹಗ್ಗ ಎಳೆಯುತ್ತದೆ, ಆದರೆ ತಡೆಯುವುದಿಲ್ಲ. ಹಿಂದಿನ ಗಾಡಿ ತಾನೇ ಬ್ರೇಕ್ ಹಾಕಬೇಕು. ಬ್ರೇಕ್ ಬೂಸ್ಟರ್ ಇರುವ ಕಾರಿನಲ್ಲಿ ಎಂಜಿನ್ ನಿಂತರೆ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಬೆಳ್ತಂಗಡಿ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೀಗಾದರೆ ಏನು ಗತಿ?

ಕೆಲವು ಕಾರುಗಳ ಕೈಪಿಡಿಯಲ್ಲಿ ಎಳೆಯುವ ಸಾಮರ್ಥ್ಯ ಬರೆದಿರುತ್ತದೆ. ಅದು ಹೊಸ ಕಾರಿನ ಲೆಕ್ಕ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿದೆ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಗೆ ಅಡಿಭಾಗ ತುಕ್ಕು ಹಿಡಿದಿದ್ದರೆ ಕೊಕ್ಕೆಯೇ ಕಿತ್ತು ಬರಬಹುದು. ಬಂಪರಿಗಂತೂ ಹಗ್ಗ ಕಟ್ಟಲೇಬಾರದು.

ಎಳೆಯಲೇಬೇಕಾದ ಸಂದರ್ಭ ಬಂದರೆ ಇಷ್ಟು ನೆನಪಿಡಿ:

• ಸಮತಟ್ಟು ರಸ್ತೆ, ಹತ್ತಿರದ ಗ್ಯಾರೇಜು, ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗ ಮಾತ್ರ.
• ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರುವ ಚಾಲಕ ಇರಲೇಬೇಕು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಇದು ಕಾನೂನು.
• ಹಗ್ಗಕ್ಕೆ ಬಣ್ಣದ ಬಟ್ಟೆ ಕಟ್ಟಿ. ಬೈಕಿನವರಿಗೆ ಕಾಣಬೇಕು.
• ಹಗ್ಗ ಬಿಗಿಯುವಾಗ ಅದರ ಬಳಿ ಯಾರೂ ನಿಲ್ಲಬಾರದು.

ಏರು, ಇಳಿಜಾರು ಅಥವಾ ಜೋರು ಮಳೆ ಇದ್ದರೆ ಪಿಕಪ್ಪಿಗೆ ಫೋನ್ ಮಾಡಿ, ಅದು ಬರುವ ತನಕ ಜೊತೆಗೆ ನಿಲ್ಲಿ. ಅದೂ ಸಹಾಯವೇ.