ದಿಕ್ಕಿನ ಮಿತಿ ಮೀರಿದ ಆಟದ ಕೂಟಗಳು

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು, ಮೊಮ್ಮಕ್ಕಳು ಇಂದು ಅಮೇರಿಕೆಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಫೋನಿನಲ್ಲಿ ಮಾತನಾಡುವಾಗ ಓದು, ಊಟ, ಚಳಿಗಳ ಸಂಗಡ "ನಮ್ಮ ಕಾಲೇಜು ಬೇರೆ ಕಾನ್ಫರೆನ್ಸಿಗೆ ಹೋಯಿತು" ಎಂಬ ಮಾತೂ ಬರುವುದುಂಟು. ಕಾನ್ಫರೆನ್ಸ್ ಎಂದರೆ ಸಭೆಯಲ್ಲವೇ, ಕಾಲೇಜು ಅಲ್ಲಿಗೆ ಹೋಗುವುದೆಂದರೇನು ಎಂದು ಇಲ್ಲಿಯ ಹಿರಿಯರಿಗೆ ಆಶ್ಚರ್ಯ. ಸುದ್ದಿ ಆಟದ್ದೇ ಆದರೂ ವ್ಯಾಪಾರಸ್ಥರಾದ ನಾವು ತಿಳಿದುಕೊಳ್ಳಬೇಕಾದ ಭಾಗೀದಾರಿಕೆಯ ಪಾಠ ಅದರಲ್ಲಿದೆ.

ಕೂಟ ಎಂದರೇನು?

ಅಮೇರಿಕೆಯಲ್ಲಿ ಕಾಲೇಜಿನ ಆಟವೆಂದರೆ ಸಣ್ಣ ಸಂಗತಿಯಲ್ಲ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನಂತಲ್ಲ; ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಜನ ಕುಳಿತು ನೋಡಬಹುದು. ನೆರೆಹೊರೆಯ ಕಾಲೇಜುಗಳು ಕೂಡಿ ತಮ್ಮತಮ್ಮಲ್ಲಿ ಆಡಲು ಕಟ್ಟಿಕೊಂಡ ಕೂಟಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಬಿಗ್ ಟೆನ್ ಎಂಬ ಕೂಟ 1896ರಷ್ಟು ಹಳೆಯದು. ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟದ ಮೂಲ 1915ರದು. 1959ರಲ್ಲಿ ಅದು ಒಮ್ಮೆ ಮುರಿದು ಮತ್ತೆ ಕಟ್ಟಿಕೊಂಡಿತು. ಹೆಸರು ಹಲವು ಸಲ ಬದಲಾಯಿತು.

ಈ ಪಶ್ಚಿಮದ ಕೂಟದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಲಾಸ್ ಏಂಜಲೀಸಿನಲ್ಲಿ ಎರಡು, ಸಾನ್ ಫ್ರಾನ್ಸಿಸ್ಕೋ ಸುತ್ತ ಎರಡು, ಆರಿಗಾನ್, ವಾಷಿಂಗ್ಟನ್, ಅರಿಜೋನಾ ರಾಜ್ಯಗಳಲ್ಲಿ ಎರಡೆರಡು, ಹೀಗೆ ಜೋಡಿ ಜೋಡಿಯಾಗಿ ಕಾಲೇಜುಗಳಿದ್ದವು. ಬ್ಯಾಸ್ಕೆಟ್‌ಬಾಲ್ ತಂಡ ಒಂದೇ ಪ್ರಯಾಣದಲ್ಲಿ ಎರಡು ಕಡೆ ಆಡಿ ಊರಿಗೆ ಮರಳುತ್ತಿತ್ತು. ಒಂದೇ ಸುತ್ತಿನಲ್ಲಿ ಎರಡು ಸಂತೆ ಮುಗಿಸಿ ಬರುವ ನಮ್ಮ ಹಿರಿಯರ ಲೆಕ್ಕಾಚಾರದಂತೆಯೇ ಇದು.

ದುಡ್ಡು ಬಂದ ದಾರಿ

1984ರವರೆಗೆ ಕಾಲೇಜು ಆಟಗಳ ದೂರದರ್ಶನ ಪ್ರಸಾರ ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆಯ ಹಿಡಿತದಲ್ಲಿತ್ತು. ಆ ವರ್ಷ ಅಲ್ಲಿಯ ಸುಪ್ರೀಂ ಕೋರ್ಟು ಈ ಏಕಸ್ವಾಮ್ಯ ಸಲ್ಲದೆಂದು ತೀರ್ಪು ಕೊಟ್ಟಿತು. ಅಂದಿನಿಂದ ಕಾಲೇಜುಗಳು, ಕೂಟಗಳು ತಮ್ಮ ಆಟವನ್ನು ತಾವೇ ಮಾರತೊಡಗಿದವು. ನೋಡುವವರು ಹೆಚ್ಚಿದ್ದ ಕಾಲೇಜಿಗೆ ಬೆಲೆಯೂ ಹೆಚ್ಚು ಬಂತು. 2022ರಲ್ಲಿ ಬಿಗ್ ಟೆನ್ ಕೂಟ ಮೂರು ಟಿ.ವಿ. ಕಂಪನಿಗಳೊಡನೆ ಏಳು ವರ್ಷಗಳಿಗೆ 700 ಕೋಟಿ ಡಾಲರಿಗೂ ಮಿಕ್ಕ ಕರಾರು ಮಾಡಿಕೊಂಡಿತು.

ಅದೇ ವರ್ಷದ ಜೂನಿನಲ್ಲಿ ಲಾಸ್ ಏಂಜಲೀಸಿನ ಎರಡು ಕಾಲೇಜುಗಳು ಪ್ಯಾಕ್-12 ಬಿಟ್ಟು ಬಿಗ್ ಟೆನ್ ಸೇರುವುದಾಗಿ ಸಾರಿದ್ದವು. ದೊಡ್ಡ ಗಿರಾಕಿಯ ಊರೇ ಕೈತಪ್ಪಿದ ಮೇಲೆ ಉಳಿದವರಿಗೆ ಒಳ್ಳೆಯ ಟಿ.ವಿ. ಕರಾರು ಕುದುರಲಿಲ್ಲ. 2023ರ ಜುಲೈಯಲ್ಲಿ ಕೊಲೊರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಕಾಲೇಜುಗಳು ಹೊರಬಿದ್ದವು. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಕಾಲೇಜುಗಳು ಮೊದಲ ವರ್ಷಗಳಲ್ಲಿ ಕಡಿಮೆ ಪಾಲಿಗೂ ಒಪ್ಪಿ ಎಸಿಸಿ ಎಂಬ ಕೂಟ ಸೇರಿದವು. ಎಸಿಸಿ ಎಂದರೆ ಅಟ್ಲಾಂಟಿಕ್ ಕರಾವಳಿಯ ಕೂಟ. ಈ ಎರಡು ಕಾಲೇಜುಗಳಿರುವುದು ಪೆಸಿಫಿಕ್ ಕರಾವಳಿಯಲ್ಲಿ! ಅವುಗಳೊಡನೆ ಸೇರಿದ ಡಲ್ಲಾಸಿನ ಎಸ್‌ಎಂಯು ಕಾಲೇಜಂತೂ ಒಂಬತ್ತು ವರ್ಷ ಟಿ.ವಿ. ಹಣದ ಪಾಲೇ ಬೇಡವೆಂದು ಬರೆದುಕೊಟ್ಟಿತು.

ಉಳಿದ ಇಬ್ಬರು

ಹನ್ನೆರಡರಲ್ಲಿ ಕೊನೆಗೆ ಉಳಿದವು ಆರಿಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ ಕಾಲೇಜು. ಆರಿಗಾನ್ ಸ್ಟೇಟ್ 1915ರಲ್ಲಿ ಕೂಟ ಕಟ್ಟಿದ ನಾಲ್ಕರಲ್ಲೊಂದು. ವಾಷಿಂಗ್ಟನ್ ಸ್ಟೇಟ್ ಇರುವುದು ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿ. ನಮ್ಮದು ಜೋಳದ ಸೀಮೆಯಾದರೆ ಅದು ಗೋಧಿಯ ಮತ್ತು ಮಸೂರದ ಸೀಮೆ. ಮಸೂರ ಬೇಳೆಯ ಹೆಸರಿನಲ್ಲಿ ಆ ಊರವರು ವರ್ಷಕ್ಕೊಮ್ಮೆ ಉತ್ಸವವನ್ನೇ ಮಾಡುತ್ತಾರೆ. ಇಂಥ ಊರಿನಲ್ಲಿ ಪಂದ್ಯದ ದಿನ ಬರುವ ಜನದಿಂದಲೇ ಎಷ್ಟೋ ಅಂಗಡಿ, ವಸತಿಗೃಹಗಳ ವ್ಯಾಪಾರ. ಆಡುವುದರಲ್ಲಿ ಆ ಕಾಲೇಜು ಕಡಿಮೆಯೇನಲ್ಲ, ಟಿ.ವಿ.ಯವರ ಲೆಕ್ಕಕ್ಕೆ ಬೇಕಾದ ದೊಡ್ಡ ಪೇಟೆ ಅದರ ಬಳಿ ಇಲ್ಲ, ಅಷ್ಟೆ.

ಆದರೆ ಇಬ್ಬರೂ ಕೈಕಟ್ಟಿ ಕೂಡಲಿಲ್ಲ. ಬಿಟ್ಟುಹೋಗುವವರಿಗೆ ಕೂಟದ ಆಡಳಿತದಲ್ಲಿ ಹಕ್ಕಿಲ್ಲವೆಂದು ನ್ಯಾಯಾಲಯಕ್ಕೆ ಹೋಗಿ ಗೆದ್ದು, ಪೇಢಿಯ ಹೆಸರನ್ನೂ ತಿಜೋರಿಯ ಕೀಲಿಕೈಯನ್ನೂ ಉಳಿಸಿಕೊಂಡರು. ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮೊದಲಾದ ಹೊಸ ಭಾಗೀದಾರರನ್ನು ಕೂಡಿಸಿದರು. 2026ರ ಜುಲೈ 1 ಈ ಹೊಸ ಕೂಟಕ್ಕೆ ಗೊತ್ತುಮಾಡಿದ ದಿನ.

ಮುಂದೇನು?

ಬಿಗ್ ಟೆನ್ ಕೂಟದಲ್ಲಿ ಇಂದು ಹದಿನೆಂಟು ಕಾಲೇಜುಗಳಿವೆ. ಲಾಸ್ ಏಂಜಲೀಸಿನ ಹುಡುಗಿಯರ ವಾಲಿಬಾಲ್ ತಂಡ ಕೂಟದ ಪಂದ್ಯಕ್ಕೆ ನ್ಯೂಜೆರ್ಸಿಗೆ ಹೋಗಬೇಕಾದರೆ ಸುಮಾರು 4,000 ಕಿ.ಮೀ.; ಕನ್ಯಾಕುಮಾರಿಯಿಂದ ಕಾಶ್ಮೀರಕ್ಕಿಂತಲೂ ದೂರ. ಗಡಿಯಾರದಲ್ಲೂ ಮೂರು ತಾಸಿನ ವ್ಯತ್ಯಾಸ. ಫುಟ್‌ಬಾಲ್ ವಾರಕ್ಕೊಮ್ಮೆ ನಡೆಯುವುದರಿಂದ ಅದಕ್ಕೆ ಇದು ನಡೆದೀತು. ಉಳಿದ ಆಟದ ಮಕ್ಕಳು ವಾರದ ನಡುವೆಯೂ ವಿಮಾನ ಹತ್ತಬೇಕು, ತರಗತಿ ತಪ್ಪಬೇಕು. ಹಣ ಬಂದದ್ದು ಫುಟ್‌ಬಾಲಿನಿಂದ, ಕಷ್ಟ ಬಿದ್ದದ್ದು ಇವರ ಪಾಲಿಗೆ.

ಇನ್ನೊಂದು ಭಾರವೂ ಸೇರಿದೆ. 2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಗರಿಷ್ಠ 2 ಕೋಟಿ 5 ಲಕ್ಷ ಡಾಲರು. ದುಡಿಯುವ ಮಕ್ಕಳಿಗೆ ಪಾಲು ಸಿಕ್ಕದ್ದು ನ್ಯಾಯವೇ. ಆದರೆ ಆ ಹಣ ಹೊಂದಿಸಲು ಗಳಿಕೆಯಿಲ್ಲದ ಸಣ್ಣ ಆಟಗಳಿಗೆ ಕತ್ತರಿ ಬೀಳುವ ಭಯವಿದೆ.

ಬಿಗ್ ಟೆನ್ ಕೂಟದ ಟಿ.ವಿ. ಕರಾರಿನ ಮುದ್ದತ್ತು 2030ರಲ್ಲಿ ಮುಗಿಯುತ್ತದೆ. ಎಸಿಸಿ ಬಿಡುವವರು ಕೊಡಬೇಕಾದ ದಂಡವೂ ಆ ಹೊತ್ತಿಗೆ 7 ಕೋಟಿ 50 ಲಕ್ಷ ಡಾಲರಿಗೆ ಇಳಿಯುವಂತೆ 2025ರಲ್ಲಿ ಒಪ್ಪಂದವಾಗಿದೆ. ಆಗ ಮತ್ತೊಂದು ಸುತ್ತಿನ ಒಡಕು ಬರುವುದು ಬಹುತೇಕ ಖಂಡಿತ ಎಂದು ನನಗೆ ಅನಿಸುತ್ತದೆ. ಫುಟ್‌ಬಾಲನ್ನು ಬೇರೆ ಖಾತೆ ಮಾಡಿ, ಉಳಿದ ಆಟಗಳನ್ನು ನೆರೆಹೊರೆಯ ಕೂಟಕ್ಕೆ ಮರಳಿಸುವುದೇ ಸರಿಯಾದ ದಾರಿ. ಇದು ಆಗದ ಮಾತಲ್ಲ. ಉಳಿದ ಆ ಎರಡು ಕಾಲೇಜುಗಳೇ 2024ರಿಂದ ತಮ್ಮ ಹಲವು ಆಟಗಳನ್ನು ವೆಸ್ಟ್ ಕೋಸ್ಟ್ ಎಂಬ ಹತ್ತಿರದ ಕೂಟದಲ್ಲಿ ಆಡಿಸಿ ತೋರಿಸಿಕೊಟ್ಟವು.

ನಮಗೆ ಪಾಠ

ಶ್ರಾವಕರಿಗೆ ಹೇಳಿದ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು. ಸಮುದ್ರ, ನದಿ, ಅಡವಿ, ಬೆಟ್ಟಗಳನ್ನು ಗಡಿಯಾಗಿ ಗೊತ್ತುಮಾಡಿಕೊಂಡು ಇದರಾಚೆ ಹೋಗೆನು ಎಂದು ಗೃಹಸ್ಥನು ಮಿತಿ ಹಾಕಿಕೊಳ್ಳುವ ವ್ರತವಿದು. ಲೋಭಕ್ಕೆ ಬೇಲಿ ಹಾಕಬೇಕಾದರೆ ದೂರಕ್ಕೂ ಬೇಲಿ ಬೇಕೆಂಬುದನ್ನು ನಮ್ಮ ಆಚಾರ್ಯರು ಎಂದೋ ಕಂಡಿದ್ದರು. ಆ ಪಶ್ಚಿಮದ ಕೂಟಕ್ಕೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟಸಾಲು ಇದ್ದವು. ಆ ಮಿತಿಯೇ ಅದರ ಬಂಡವಾಳವಾಗಿತ್ತು. ಜನ ನೋಡಲು ಬರುತ್ತಿದ್ದುದು ನೆರೆಯವನ ಮೇಲಿನ ಗೆಲುವನ್ನು.

ಮಕ್ಕಳು ಆಟದ ಬಲದ ಮೇಲೆ ಅಲ್ಲಿಯ ಕಾಲೇಜಿಗೆ ಸೇರುವುದಿದ್ದರೆ ಪಾಲಕರು ಮೂರು ಮಾತು ಕೇಳಿ ತಿಳಿಯಬೇಕು: ಕಾಲೇಜು ಯಾವ ಕೂಟದಲ್ಲಿದೆ, ವರ್ಷದಲ್ಲಿ ಎಷ್ಟು ದಿನ ಪ್ರಯಾಣ, ಆ ಆಟ ಮುಂದೆ ಉಳಿಯುವುದೆಂಬ ಭರವಸೆ ಎಷ್ಟು. ಇಲ್ಲಿ ಅಣ್ಣತಮ್ಮಂದಿರು ಭಾಗೀದಾರಿಕೆ ಪತ್ರ ಬರೆಯುವಾಗ ಲಾಭದ ಪಾಲಿನೊಂದಿಗೆ, ವ್ಯಾಪಾರ ಎಲ್ಲಿಯವರೆಗೆ, ಬಿಟ್ಟುಹೋಗುವವನ ಹೊಣೆ ಎಷ್ಟು ಎಂಬುದನ್ನೂ ಬರೆದಿಡುವುದು ಲೇಸು.